ಬುಧವಾರ ಮೂರೂ ಹತ್ತಕ್ಕೆ ನಾನೆಲ್ಲಿದ್ದೆ?

ಪೊಲೀಸ್ ಕೆಲಸಕ್ಕೆ ಆಯ್ಕೆಯಾದ ನಮ್ಮ ಕಡೆಯ ಹೆಣ್ಣುಮಕ್ಕಳು ತರಬೇತಿಗೆ ಹೊರಡುವ ಮುಂಚೆ ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ಹೋದ ತಿಂಗಳು ಬಂದವಳು ನೋಟ್‌ಬುಕ್ ಬಿಚ್ಚಿ ಪೆನ್ನು ಹಿಡಿದೇ ಕೂತಳು. "ಅಕ್ಕಾ, ಜನ ಸುರಕ್ಷಿತವಾಗಿ ಇರ್ಬೇಕಂದ್ರೆ ನಾವು ಅವರಿಗೆ ಮುಖ್ಯವಾಗಿ ಏನು ಹೇಳ್ಬೇಕು?" ಎಂದಳು. ಸರ್ವಿಸಿನ ಕೊನೆಯ ಹನ್ನೊಂದು ವರ್ಷ ಚಳ್ಳಕೆರೆಯ ಬಡಾವಣೆಗಳಲ್ಲಿ ಮನೆ ಮನೆಗೆ ಹೋಗಿ ನಾನು ಹೇಳಿದ್ದು ಅದೊಂದನ್ನೇ. ಆದರೂ ಅವತ್ತು ಅದನ್ನು ಹೇಳದೆ ಆ ಹುಡುಗಿಗೆ ಕಾಫಿ ಕೊಟ್ಟು ಕಳಿಸಿದೆ. ಅವಳ ನೋಟ್‌ಬುಕ್ಕಿನಲ್ಲಿ ತಾರೀಕು ಬಿಟ್ಟರೆ ಬೇರೇನೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೂ ಅವಳಿಗೆ ಉತ್ತರ ಸಿಗುತ್ತದೆಂಬ ಭರವಸೆ ನನಗಿಲ್ಲ.

ನಾನು ಮೊದಲು ಕೆಲಸಕ್ಕೆ ಸೇರಿದ್ದು ಮೊಳಕಾಲ್ಮೂರಿನ ಕಡೆ. ಅದೇ ಸೀಮೆಯ ಸಿದ್ದಾಪುರದ ಹತ್ತಿರದ ನಮ್ಮೂರಿನಲ್ಲಿ ಮನೆಗೆ ಬೀಗ ಇದ್ದದ್ದು ನನಗೆ ನೆನಪಿಲ್ಲ. ಅಗಳಿ ಹಾಕಿದರೆ ನಾಯಿ ಒಳಗೆ ಬರಬಾರದು ಅಂತ, ಅಷ್ಟೇ. ಹಾಗೆ ಬೆಳೆದವಳಿಗೆ ಸಿಕ್ಕ ಮೊದಲ ಪ್ರಕರಣ ಒಂದು ಮಗ್ಗದ ಮನೆಯದು. ಮಗ್ಗದ ಮೇಲೆ ಅರ್ಧ ನೇಯ್ದಿದ್ದ ರೇಷ್ಮೆ ಸೀರೆಯನ್ನು ಯಾರೋ ಹಾಡುಹಗಲೇ ಕತ್ತರಿಯಿಂದ ಕತ್ತರಿಸಿಕೊಂಡು ಹೋಗಿದ್ದರು. ನಮ್ಮ ಸಬ್ ಇನ್‌ಸ್ಪೆಕ್ಟರ್, "ಹೊರಗಿನಿಂದ ಬಂದವರನ್ನ ಮೊದ್ಲು ನೋಡ್ರಿ" ಎಂದರು. ಮೂರು ದಿನ ಬಳೆ ಮಾರುವವರು, ಪಾತ್ರೆ ಮಾರುವವರು, ಆಂಧ್ರದ ಕಡೆಯಿಂದ ಬಂದ ಹಗ್ಗದ ವ್ಯಾಪಾರಿಗಳು, ಎಲ್ಲರ ಗಂಟು ಬಿಚ್ಚಿಸಿದೆವು. ಕೊನೆಗೆ ಸೀರೆ ಸಿಕ್ಕಿದ್ದು ಆ ಮನೆಯದೇ ಅಟ್ಟದ ಮೇಲೆ. ಆಸ್ತಿ ಭಾಗದ ವಿಷಯಕ್ಕೆ ಮುನಿಸಿಕೊಂಡಿದ್ದ, ಮನೆ ಯಜಮಾನನ ತಮ್ಮನ ಹೆಂಡತಿ ಕತ್ತರಿಸಿ ಇಟ್ಟಿದ್ದಳು. ಗಂಟು ಬಿಚ್ಚಿಸಿಕೊಂಡವರಲ್ಲಿ ಒಬ್ಬ ಮುದುಕ ನಮ್ಮ ಮುಂದೆಯೇ ಒಂದೊಂದೇ ಬಳೆ ಎಣಿಸಿ ತನ್ನ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದ. ಅವನಿಗೆ ನಾವೇನು ಹೇಳಿದೆವೋ ನೆನಪಿಲ್ಲ. ಏನೂ ಹೇಳಿರಲಿಕ್ಕಿಲ್ಲ.

ಕಳ್ಳರನ್ನು ಒಳಗೇ ಹುಡುಕಬೇಕು ಎಂಬುದನ್ನು ಅಲ್ಲಿ ಕಲಿತೆ. ಚಳ್ಳಕೆರೆಗೆ ಬಂದ ಮೇಲೆ ಅದನ್ನು ಮರೆಯಬೇಕಾಯಿತು.

ನನಗೆ ಗಸ್ತಿಗೆ ಕೊಟ್ಟ ಬೀಟು ಊರಿನ ಹೊರಗೆ ಎಣ್ಣೆ ಮಿಲ್ಲಿನ ಹಿಂದಿದ್ದ ಒಂದು ಹೊಸ ಬಡಾವಣೆ. ಅರ್ಧ ಸೈಟುಗಳಲ್ಲಿ ಮನೆ, ಅರ್ಧದಲ್ಲಿ ಜಾಲಿ ಗಿಡ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳೇ ಹೆಚ್ಚು, ಹಗಲೆಲ್ಲ ಬೀಗ. ಅಕ್ಕಪಕ್ಕದವರಲ್ಲಿ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಮೂಲೆಮನೆಯ ತಿಪ್ಪೇಸ್ವಾಮಿ ಮೇಷ್ಟ್ರು ಮತ್ತು ಅವರ ಹೆಂಡತಿ ಸರೋಜಮ್ಮ. ಮೇಷ್ಟ್ರು ನಿವೃತ್ತ ಹೈಸ್ಕೂಲು ಮಾಸ್ತರು. ಅವರ ಗೇಟಿಗೇ ನಮ್ಮ ಬೀಟ್ ಪುಸ್ತಕದ ತಗಡಿನ ಪೆಟ್ಟಿಗೆ ನೇತು ಹಾಕಿದ್ದೆವು. ದಿನಕ್ಕೊಮ್ಮೆ ಹೋಗಿ ಬಡಾವಣೆ ಸುತ್ತಿ, ಎಷ್ಟು ಗಂಟೆಗೆ ಬಂದೆ, ಏನು ನೋಡಿದೆ ಎಂದು ಆ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಗೇಟಿನ ಪಕ್ಕ ಒಂದು ನಲ್ಲಿ. ಬಿಸಿಲಲ್ಲಿ ಸ್ಕೂಟರ್ ನಿಲ್ಲಿಸಿ ಅಲ್ಲೇ ನೀರು ಕುಡಿಯುತ್ತಿದ್ದೆ.

ನಾನು ಹೋದ ಮೊದಲ ವರ್ಷವೇ ಸರೋಜಮ್ಮ ಮೋಸ ಹೋದರು. ಬಂಗಾರಕ್ಕೆ ಪಾಲಿಶ್ ಮಾಡುತ್ತೇವೆಂದು ಇಸ್ತ್ರಿ ಅಂಗಿಯ ಇಬ್ಬರು ಬಂದಿದ್ದರು. ಪುಡಿ ಹಾಕಿ ಹಿತ್ತಾಳೆ ಚೊಂಬು ಫಳಫಳ ಹೊಳೆಯುವಂತೆ ಮಾಡಿ ತೋರಿಸಿದರು. ಸರೋಜಮ್ಮ ಕತ್ತಿನ ಸರ ಬಿಚ್ಚಿ ಕೊಟ್ಟರು. ಅವರು ಅದನ್ನು ಅರಿಶಿನದ ನೀರಿನ ಡಬ್ಬಿಗೆ ಹಾಕಿ, ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ ಎಂದು ಹೇಳಿ ಹೋದರು. ತೆಗೆದಾಗ ಡಬ್ಬಿಯಲ್ಲಿ ಬರೀ ನೀರಿತ್ತು.

"ಮಜ್ಜಿಗೆ ಬೇರೆ ಕೊಟ್ನಲ್ಲ ಜಯಮ್ಮಾ," ಎಂದು ಅವರು ಅತ್ತರು. "ಎಷ್ಟು ಮರ್ಯಾದೆಯಿಂದ ಮಾತಾಡಿದ್ರು ಗೊತ್ತಾ? ನನ್ನ ಮಕ್ಳು ಹಂಗೆ ಮಾತಾಡಲ್ಲ."

ಅದಾದ ಮೇಲೆ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ನನಗೆ ಭಾಷಣದ ಕೆಲಸ ಹಚ್ಚಿದರು. ಗುರುತಿಲ್ಲದವರಿಗೆ ಬಾಗಿಲು ತೆಗೆಯಬೇಡಿ, ಕಿಟಕಿಯಲ್ಲೇ ಮಾತಾಡಿ ಕಳಿಸಿ. ಮನೆಗೆಲಸದವರ ಆಧಾರ್ ಕಾರ್ಡಿನ ಜೆರಾಕ್ಸ್ ಇಟ್ಟುಕೊಳ್ಳಿ. ಅವರ ಮುಂದೆ ಬೀರು ತೆಗೆಯಬೇಡಿ. ಬೆಳಗಿನ ವಾಕಿಂಗಿಗೆ ಸರ ಕಾಣದ ಹಾಗೆ ಸೆರಗು ಹೊದ್ದು ಹೋಗಿ. ಹೀಗೆ ಹನ್ನೆರಡು ಮಾತು ನನಗೆ ಬಾಯಿಪಾಠ. ಹೆಂಗಸರು ಕೈಕಟ್ಟಿ ಕೇಳುತ್ತಿದ್ದರು. ಆ ಮನೆಗಳಲ್ಲಿ ಪಾತ್ರೆ ತೊಳೆಯುವವರೂ ಅಲ್ಲೇ ಗೋಡೆಗೆ ಆತು ನಿಂತು ಕೇಳುತ್ತಿದ್ದರು. ಅವರ ಎದುರಿಗೇ ಅವರ ಬಗ್ಗೆ ಎಚ್ಚರ ಹೇಳುತ್ತಿದ್ದೇನೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ.

ಅವರಲ್ಲಿ ಒಬ್ಬಳು ಓಬಮ್ಮ. ಆ ಬೀದಿಯ ನಾಲ್ಕು ಮನೆಯ ಕೆಲಸ ಅವಳದು. ಗಟ್ಟಿಗಿತ್ತಿ, ಬಾಯಿ ಜೋರು. ನನ್ನನ್ನು 'ಜಯಕ್ಕ' ಎನ್ನುತ್ತಿದ್ದಳು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹೊಸಬರು ಗಮನವಿಟ್ಟು ಓದಬೇಕು.

ಸಮನ್ಸ್ ಹಂಚುವುದು, ಕೋರ್ಟಿಗೆ ಹೋಗುವುದು, ಬಂದೋಬಸ್ತು ಎಲ್ಲ ಸೇರಿ ಎಷ್ಟೋ ದಿನ ಬಡಾವಣೆಗೆ ಹೋಗಲು ಆಗುತ್ತಿರಲಿಲ್ಲ. ಪುಸ್ತಕದಲ್ಲಿ ಖಾಲಿ ಸಾಲು ಬಿಟ್ಟರೆ ಮೆಮೊ. ಅದಕ್ಕೆ ನಾನು, ನಾನೊಬ್ಬಳೇ ಅಲ್ಲ ಆದರೂ ನಾನೂ, ಒಂದು ದಿನ ಹೋದಾಗ ಮುಂದಿನ ಎರಡು ದಿನದ ಸಾಲುಗಳನ್ನೂ ಬರೆದು ಬಿಡುತ್ತಿದ್ದೆ. ಸಮಯ ಬೇರೆ ಬೇರೆ ಹಾಕುತ್ತಿದ್ದೆ, ನಂಬುವ ಹಾಗಿರಲಿ ಅಂತ. ಒಂದು ಸೋಮವಾರ ಹಾಗೆಯೇ ಮಂಗಳವಾರದ್ದನ್ನೂ ಬುಧವಾರದ್ದನ್ನೂ ಬರೆದೆ. ಬುಧವಾರದ ಸಾಲಿನಲ್ಲಿ ಹಾಕಿದ್ದು: ಮಧ್ಯಾಹ್ನ ಮೂರೂ ಹತ್ತು, ಬೀಗ ಹಾಕಿದ ಮನೆಗಳ ಹಿಂದಿನ ಮುಂದಿನ ಬಾಗಿಲು ಪರಿಶೀಲಿಸಿದೆ, ಎಲ್ಲ ಸರಿ ಇದೆ.

ಆ ಬುಧವಾರ ಸಂಜೆ ಐದಕ್ಕೆ ಶಾಲೆಯಿಂದ ಬಂದ ವಿಮಲಾ ಟೀಚರ್ ತಮ್ಮ ಮನೆಯ ಬೀರು ತೆರೆದು ಬಿದ್ದಿರುವುದನ್ನು ನೋಡಿದರು. ಹಿಂಬಾಗಿಲ ಚಿಲಕ ಮೀಟಿದ್ದರು. ಅವರ ಅಮ್ಮ ಕೊಟ್ಟಿದ್ದ ಬಳೆ, ಎರಡೆಳೆ ಸರ, ಮಗುವಿನ ಕಾಲ್ಗೆಜ್ಜೆ ಹೋಗಿದ್ದವು. ಓಬಮ್ಮ ಆ ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದುದು ನಾಲ್ಕು ಗಂಟೆಗೆ.

ಇನ್‌ಸ್ಪೆಕ್ಟರ್ ಸಾಹೇಬರು ಮೊದಲು ಬೀಟ್ ಪುಸ್ತಕ ತರಿಸಿದರು. ನನ್ನ ಸಾಲಿನ ಮೇಲೆ ಬೆರಳಿಟ್ಟರು.

"ಮೂರೂ ಹತ್ತಕ್ಕೆ ಬಾಗ್ಲು ಸರಿ ಇತ್ತಾ ಜಯಮ್ಮ?"

"ಸರಿ ಇತ್ತು ಸರ್."

ಅದು ಹೇಗೆ ನಾಲಿಗೆಗೆ ಬಂತೋ ದೇವರಿಗೇ ಗೊತ್ತು. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಮೇಲಧಿಕಾರಿ ಕೇಳಿದರೆ ಪುಸ್ತಕದಲ್ಲಿ ಇರುವುದನ್ನೇ ಹೇಳುವುದು, ಅಷ್ಟೇ ಅಭ್ಯಾಸ.

ಆಮೇಲೆ ಸರೋಜಮ್ಮನನ್ನು ಕೇಳಿದರು. ಅವರೂ ಇನ್ನಿಬ್ಬರು ಹೆಂಗಸರೂ ಗೇಟಿನ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರಂತೆ. ವಿಮಲಾ ಟೀಚರ್ ಮನೆಯ ಹಿಂಬಾಗಿಲಿಗೆ ಹೋಗಬೇಕಾದರೂ ಆ ಬೆಂಚಿನ ಮುಂದೆಯೇ ಹಾದು ಹೋಗಬೇಕು. "ಮೂರು ಗಂಟೆಯಿಂದ ಇಲ್ಲೇ ಅದೀವಿ ಸಾರ್. ಓಬಮ್ಮನ್ನ ಬಿಟ್ರೆ ಒಂದು ನರಪಿಳ್ಳೆ ಹೋಗಿಲ್ಲ" ಎಂದರು.

ಅಲ್ಲಿಗೆ ಲೆಕ್ಕ ಮುಗಿಯಿತು. ಮೂರೂ ಹತ್ತಕ್ಕೆ ಬಾಗಿಲು ಸರಿ ಇದೆ, ಆಮೇಲೆ ಓಬಮ್ಮ ಬಿಟ್ಟು ಯಾರೂ ಬಂದಿಲ್ಲ. ಮೂರು ಗಂಟೆಯಿಂದ ಬೆಂಚಿನ ಮೇಲಿದ್ದವರನ್ನು ಮೂರೂ ಹತ್ತಕ್ಕೆ ಪೊಲೀಸಮ್ಮನನ್ನು ನೋಡಿದಿರಾ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಓಬಮ್ಮನನ್ನು ಠಾಣೆಗೆ ಕರೆಸಿದರು. ಯಾರೂ ಮೈ ಮುಟ್ಟಲಿಲ್ಲ, ಆ ಕಾಲ ಮುಗಿದಿತ್ತು. ಬೆಂಚಿನ ಮೇಲೆ ಕೂರಿಸುವುದು, ಗಂಟೆಗೊಮ್ಮೆ ಅದೇ ಪ್ರಶ್ನೆ ಕೇಳುವುದು, ಸಂಜೆ ಮನೆಗೆ ಕಳಿಸಿ ಬೆಳಿಗ್ಗೆ ಮತ್ತೆ ಕರೆಸುವುದು. ಕಾವಲಿಗೆ ಹೆಂಗಸು ಬೇಕೆಂದು ನನ್ನನ್ನೇ ಅವಳ ಪಕ್ಕ ಕೂರಿಸಿದರು.

"ಜಯಕ್ಕ," ಎಂದಳು ಅವಳು ಮೊದಲನೇ ದಿನ, "ನೀನೇ ಬಾಗ್ಲು ನೋಡಿದ್ಯಂತಲ್ಲ. ನಾನು ಬಂದಾಗ ಚಿಲಕ ತೆಗ್ದಿತ್ತು. ಟೀಚರಮ್ಮ ಅವಸರಕ್ಕೆ ಹಂಗೇ ಬಿಟ್ಟು ಹೋಗ್ಯಾರೆ ಅಂದ್ಕಂಡೆ. ಒಳಗೆ ಕಾಲಿಟ್ಟಿಲ್ಲ. ನೀನಾದ್ರೂ ಹೇಳು."

"ನಿಜ ಇದ್ರೆ ಹೊರಗೆ ಬರುತ್ತೆ ಬಿಡು ಓಬಮ್ಮ" ಎಂದೆ. ಇಂಥ ಮಾತುಗಳು ಪೊಲೀಸರ ಬಾಯಲ್ಲಿ ಸಲೀಸಾಗಿ ಬರುತ್ತವೆ.

ಎರಡನೇ ದಿನ ಅವಳು ಅಳಲೂ ಇಲ್ಲ, ಜಗಳವನ್ನೂ ಆಡಲಿಲ್ಲ. ಮಧ್ಯಾಹ್ನ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು: "ಒಂದು ಕೆಲಸ ಮಾಡ್ತೀಯಾ? ಉಳಿದ ಮೂರು ಮನ್ಯಾಗೆ ಹೋಗಿ, ಓಬಮ್ಮಂಗೆ ಜ್ವರ ಬಂದೈತೆ, ಎರಡು ದಿನ ಬಿಟ್ಟು ಬರ್ತಾಳೆ, ಬೇರೆಯವರನ್ನ ಇಟ್ಕಬ್ಯಾಡ್ರಿ ಅಂತ ಹೇಳು."

ಹೋದೆ. ಸರೋಜಮ್ಮನ ಮನೆ ಹಿತ್ತಲಲ್ಲಿ ಆಗಲೇ ಬೇರೊಬ್ಬಳು ಕೂತು ಪಾತ್ರೆ ತಿಕ್ಕುತ್ತಿದ್ದಳು.

"ಜ್ವರ ಎಲ್ಲಿದು ಜಯಮ್ಮಾ, ಸ್ಟೇಷನ್ನಾಗೆ ಕುಂತಾಳೆ ಅಂತ ಊರಿಗೆಲ್ಲ ಗೊತ್ತೈತೆ," ಎಂದರು ಸರೋಜಮ್ಮ. ತಪ್ಪು ಮಾಡಿದವರ ದನಿಯಲ್ಲ, ಒಪ್ಪಿಸಿದ ಪಾಠ ಸರಿ ಬಂತೇ ಎಂದು ಕೇಳುವವರ ದನಿ. "ನೀವೇ ಹೇಳಿದ್ರಲ್ಲ, ಕೆಲಸದವರನ್ನ ನಂಬಬ್ಯಾಡ್ರಿ ಅಂತ. ಹೊಸಬಳ ಆಧಾರ್ ಜೆರಾಕ್ಸು ಇಸ್ಕಂಡೀನಿ ನೋಡ್ರಿ."

ಗೇಟಿನ ಹತ್ತಿರ ಬಂದು ತಗಡಿನ ಪೆಟ್ಟಿಗೆ ಮುಂದೆ ನಿಂತೆ. ಆ ಬುಧವಾರ ಮಧ್ಯಾಹ್ನ ನಾನೆಲ್ಲಿದ್ದೆ ಎಂದು ನೆನಪಿಸಿಕೊಂಡೆ. ಮಿಲ್ಲಿನ ಹತ್ತಿರ ಒಂದು ಸಮನ್ಸ್ ಕೊಟ್ಟೆ, ಆಮೇಲೆ ಬಿಸಿಲಿಗೆ ತಲೆನೋವು ಬಂತು, ಮನೆಗೆ ಹೋಗಿ ಮಲಗಿದೆ. ಹಾಗೆ ಅನ್ನಿಸಿತು. ನೇರವಾಗಿ ಠಾಣೆಗೆ ಹೋಗಿ ಸಾಹೇಬರ ಮುಂದೆ ನಿಂತೆ.

"ಸರ್, ಬುಧವಾರ ನಾನು ಆ ಕಡೆ ಹೋಗಿಲ್ಲ. ಸೋಮವಾರವೇ ಸಹಿ ಮಾಡಿಬಿಟ್ಟಿದ್ದೆ."

ಕೆಟ್ಟವರಲ್ಲ ಅವರು. ಬಾಗಿಲು ಮುಂದೆ ಮಾಡು ಎಂದು ಸನ್ನೆ ಮಾಡಿದರು.

"ಏನಮ್ಮಾ, ಈಗ ಹೇಳ್ತಾ ಇದ್ದೀಯಾ?"

"ತಪ್ಪಾಯ್ತು ಸರ್."

"ಅವಳ ಮೇಲೆ ಬೇರೆ ಸಾಕ್ಷಿ ಏನೂ ಇಲ್ಲ. ಇನ್ನೆರಡು ದಿನ ಆದ್ಮೇಲೆ ನಾನೇ ಬಿಡೋನಿದ್ದೆ. ನೀನು ಸುಮ್ನಿದ್ರೆ ಯಾರಿಗೂ ಏನೂ ಆಗಲ್ಲ. ಬರೆದು ಕೊಟ್ರೆ ನಾನು ಮೇಲಕ್ಕೆ ಕಳಿಸ್ಲೇಬೇಕು. ಯೋಚನೆ ಮಾಡು."

ಆ ಎರಡು ದಿನದಲ್ಲಿ ಅವಳ ನಾಲ್ಕು ಮನೆಯೂ ಹೋಗುತ್ತವೆ ಎಂದು ಹೇಳಬೇಕೆನಿಸಿತು. ಒಂದು ಹಾಳೆ ಕೇಳಿದೆ, ಅವರೇ ಕೊಟ್ಟರು. ಬರೆದು ಕೊಟ್ಟೆ. ಅಂದು ಸಂಜೆಯೇ ಓಬಮ್ಮನನ್ನು ಕಳಿಸಿದರು. ನನಗೆ ಶಿಕ್ಷೆ ಆಯಿತು, ಅದರ ವಿವರ ಬೇಡ.

ಬಿಟ್ಟ ಮೇಲೆ ಓಬಮ್ಮನಿಗೆ ವಿಷಯ ಗೊತ್ತಾಗಿ ಸಂತೆಯಲ್ಲಿ ಸಿಕ್ಕಾಗ ಕೈ ಹಿಡಿದುಕೊಂಡಳು. "ನಿನ್ನ ಋಣ ಹೆಂಗೆ ತೀರಿಸ್ಲಿ ಜಯಕ್ಕ" ಎಂದಳು. ಅವಳನ್ನು ಆ ಬೆಂಚಿಗೆ ಕೂರಿಸಿದ್ದೂ ನಾನೇ ಎಂಬುದು ಅವಳಿಗೆ ಹೊಳೆದಿರಲಿಲ್ಲವೋ, ಹೊಳೆದರೂ ಹಾಗೆ ಹೇಳಿದಳೋ ಗೊತ್ತಿಲ್ಲ. ನಿಧಾನವಾಗಿ ಎರಡು ಮನೆಯವರು ಮತ್ತೆ ಕರೆದರು. ವಿಮಲಾ ಟೀಚರ್ ಕರೆಯಲೇ ಇಲ್ಲ. ಸಿಕ್ಕಾಗೆಲ್ಲ ಅವರು ನನ್ನನ್ನು ನೋಡದವರ ಹಾಗೆ ಹೋಗುತ್ತಿದ್ದರು. ಪೊಲೀಸರು ಬಾಗಿಲು ನೋಡುತ್ತಾರೆಂಬ ನಂಬಿಕೆಯಿಂದ ಕೆಲಸಕ್ಕೆ ಹೋಗುತ್ತಿದ್ದವರು ಅವರು. ಅವರ ಸಿಟ್ಟೇನು ತಪ್ಪಲ್ಲ.

ಆಮೇಲೆ ಪುಸ್ತಕ ಹೋಯಿತು. ಕಂಬಕ್ಕೆ ಒಂದು ಚೌಕದ ಚೀಟಿ ಅಂಟಿಸಿದರು, ಅದರ ಮುಂದೆ ಮೊಬೈಲ್ ಹಿಡಿದರೆ ನಾವು ಅಲ್ಲಿಗೆ ಬಂದ ಸಮಯ ದಾಖಲಾಗುತ್ತದೆ. ಒಳ್ಳೆಯ ವ್ಯವಸ್ಥೆ, ಮೋಸ ಮಾಡಲಾಗುವುದಿಲ್ಲ. ಆದರೆ ಕಂಬದವರೆಗೆ ಹೋಗಿ, ಮೊಬೈಲ್ ಹಿಡಿದು, ಯಾವ ಬಾಗಿಲನ್ನೂ ನೋಡದೆ ವಾಪಸು ಬರುವವರನ್ನು ನಾನು ಕಂಡಿದ್ದೇನೆ. ಪುಸ್ತಕ ಇದ್ದಾಗ ಬರೆಯುವ ನೆಪಕ್ಕಾದರೂ ಸರೋಜಮ್ಮನ ಹತ್ತಿರ ಎರಡು ಮಾತಾಡುತ್ತಿದ್ದೆ. ಯಾವುದು ಉತ್ತಮ ಎಂದು ನನ್ನನ್ನು ಕೇಳಬೇಡಿ.

ಮೇಷ್ಟ್ರು ಬಡಾವಣೆಯವರದೊಂದು ವಾಟ್ಸ್ಆಪ್ ಗುಂಪು ಮಾಡಿ ನನ್ನನ್ನೂ ಸೇರಿಸಿದರು. ಮೊದಮೊದಲು ಚೆನ್ನಾಗಿತ್ತು. ಯಾರ ಮನೆ ಮುಂದೆ ಗೊತ್ತಿಲ್ಲದ ಬೈಕು ನಿಂತಿದೆ, ಯಾವ ಬೀದಿಯ ದೀಪ ಕೆಟ್ಟಿದೆ ಎಂದು ಹಾಕುತ್ತಿದ್ದರು. ಆಮೇಲೆ ಮಕ್ಕಳ ಕಳ್ಳರ ವಿಡಿಯೋಗಳು ಬರತೊಡಗಿದವು. ಎಲ್ಲಿಯವೋ, ಯಾವಾಗಿನವೋ. ಅವೆಲ್ಲ ಸುಳ್ಳು, ಹಂಚಬೇಡಿ ಎಂದು ನಾನು ಬರೆದೆ. ಅದರ ಕೆಳಗೇ, ಆದರೂ ಎಚ್ಚರದಿಂದಿರಿ, ಗುರುತಿಲ್ಲದವರು ಓಡಾಡಿದರೆ ಕೂಡಲೇ ತಿಳಿಸಿ ಎಂದೂ ಬರೆದೆ. ಆ ಎರಡನೇ ಸಾಲು ಯಾಕೆ ಬರೆದೆ ಎಂದು ಈಗಲೂ ಯೋಚಿಸುತ್ತೇನೆ. ಬರೆಯದಿದ್ದು ಏನಾದರೂ ಆಗಿದ್ದರೆ ಅದೂ ನನ್ನ ತಲೆಗೇ ಬರುತ್ತಿತ್ತು.

ನಾಲ್ಕು ದಿನ ಕಳೆದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗುಂಪಿನಲ್ಲಿ ಒಂದು ಫೋಟೋ ಬಂತು. ಒಬ್ಬ ಹೆಂಗಸು ಒಂದು ಮಗುವಿನ ತೋಳು ಹಿಡಿದಿದ್ದಾಳೆ. ಕೆಳಗೆ 'ಸಿಕ್ಕಿಬಿದ್ದಳು' ಎಂದಿತ್ತು. ಸ್ಕೂಟರ್ ಹತ್ತಿ ಓಡಿದೆ.

ಮೇಷ್ಟ್ರ ಮನೆಯಿಂದ ಮೂರನೇ ಮನೆ ಮುಂದೆ ನಲವತ್ತು ಜನ ಸೇರಿದ್ದರು. ಹೆಂಗಸನ್ನು ಮೆಟ್ಟಿಲ ಮೇಲೆ ಕೆಡವಿ ಹಿಡಿದುಕೊಂಡಿದ್ದರು. ಬಳೆ ಒಡೆದು ಮುಂಗೈಯಿಂದ ರಕ್ತ ಇಳಿಯುತ್ತಿತ್ತು. ವರವು ಕಾವಲಿನ ಹುಲ್ಲುಗಾವಲ ಕಡೆಯಿಂದ ಕುರಿ ಹೊಡೆದುಕೊಂಡು ಬಂದವಳು, ಖಾಲಿ ಸೈಟುಗಳಲ್ಲಿ ಮಂದೆ ನಿಲ್ಲಿಸಿ ನೀರು ಕೇಳಲು ಬಂದಿದ್ದಾಳೆ ಎಂದು ಒಂದೇ ನೋಟಕ್ಕೆ ನನಗೆ ಗೊತ್ತಾಯಿತು, ನಾನು ಆ ಕಡೆಯ ಜನರ ಮಧ್ಯೆ ಬೆಳೆದವಳು. ಅವರಿಗೆ ಗೊತ್ತಾಗಿರಲಿಲ್ಲ. ಮೇಷ್ಟ್ರು ಕೈಯಲ್ಲಿ ಕೊಡೆ ಎತ್ತಿ ಹಿಡಿದಿದ್ದರು, ಹೊಡೆಯಲೋ ತಡೆಯಲೋ ಹೇಳಲಾರೆ. ಹೆಂಗಸಿನ ಜುಟ್ಟು ಹಿಡಿದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ಓಬಮ್ಮ.

ನಾನು ನುಗ್ಗಿ ಅವಳ ಕೈ ಬಿಡಿಸಿದೆ. "ಬಿಡೇ! ನಿನಗಾದ್ರೂ ಗೊತ್ತಾಗ್ಬಾರ್ದಾ ಓಬಮ್ಮ? ನಿನ್ನನ್ನ ಸ್ಟೇಷನ್ನಾಗೆ ಕೂರಿಸಿದ್ದು ಮರೆತ್ಯಾ?"

ಅವಳು ಏದುಸಿರು ಬಿಡುತ್ತಾ ನನ್ನನ್ನು ದುರುಗುಟ್ಟಿ ನೋಡಿದಳು. "ಅವತ್ತು ನಾನು ಕದ್ದಿರ್ಲಿಲ್ಲ, ಅದು ನಂಗೆ ಗೊತ್ತಿತ್ತು. ಇವಳ ಹೊಟ್ಟೆಯಾಗೆ ಏನೈತೆ ಅಂತ ನಂಗೆಂಗೆ ಗೊತ್ತಾಗ್ಬೇಕು? ಗುರ್ತಿಲ್ಲದವರನ್ನ ಬಿಡಬ್ಯಾಡ್ರಿ ಅಂತ ಗೋಡೆಗೆ ನಿಂತು ನಿನ್ನ ಬಾಯಿಂದ್ಲೇ ಕೇಳೀನಿ ಜಯಕ್ಕ. ಆಗ ಒಂದು ಹೇಳ್ತೀಯ, ಈಗ ಒಂದು ಹೇಳ್ತೀಯ!"

ಸುತ್ತ ಇದ್ದವರು ಹೌದು ಹೌದು ಎಂದರು.

ಹೆಂಗಸು ನಡುಗುತ್ತಾ ತೆಲುಗಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು: "ಪಿಲ್ಲ ಗುಂತಲೋ ಪಡ್ತಾಂಟೆ ಪಟ್ಟುಕುಂಟಿ." ಮಗು ಗುಂಡಿಗೆ ಬೀಳುತ್ತಿತ್ತು, ಹಿಡಿದುಕೊಂಡೆ ಎಂದು. ಪಕ್ಕದ ಸೈಟಿನಲ್ಲಿ ಕಟ್ಟುತ್ತಿದ್ದ ಮನೆಯ ನೀರಿನ ಸಂಪು ಮುಚ್ಚಳವಿಲ್ಲದೆ ಬಾಯಿ ತೆರೆದುಕೊಂಡಿತ್ತು. ಮಗು ನಿಂತಿದ್ದ ಜಾಗಕ್ಕೂ ಅದಕ್ಕೂ ಆರು ಹೆಜ್ಜೆ. ಮಗು ಆ ಕಡೆ ಹೊರಟಿತ್ತೋ ಇಲ್ಲವೋ ಯಾರೂ ನೋಡಿಲ್ಲ. ಮಗುವಿನ ತಾಯಿ ಒಳಗೆ ಫೋನಿನಲ್ಲಿ ಗುಂಪಿನ ಮೆಸೇಜು ಓದುತ್ತಿದ್ದಳಂತೆ, ಹಾಗೆಂದು ಅವಳೇ ಹೇಳಿದಳು.

ಜನರನ್ನು ಕಳಿಸಲು ಅರ್ಧ ಗಂಟೆ ಹಿಡಿಯಿತು. ಮೇಷ್ಟ್ರು ಕೊಡೆ ಮಡಚಿ, "ಏನ್ರೀ ಜಯಮ್ಮಾರೆ, ನಾವು ಹಿಂಗೆ ಮಾಡಿಬಿಟ್ವಲ್ಲ" ಎಂದು ಸೊಂಪಾಗಿ ಬೆಳೆದ ತಮ್ಮ ದಾಸವಾಳದ ಗಿಡವನ್ನೇ ನೋಡುತ್ತಾ ನಿಂತರು. ನಾನು ಆ ಹೆಂಗಸಿಗೆ ದೂರು ಬರೆದುಕೊಡು ಎಂದೆ, ಹೊಡೆದವರ ಮೇಲೆ ಕೇಸು ಮಾಡಬಹುದು ಎಂದೆ. ಅವಳು ಬೇಡ ಎಂದು ಕೈ ಮುಗಿದಳು. ಗದ್ದಲಕ್ಕೆ ಹೆದರಿ ಓಡಿದ ಒಂದು ಕುರಿಮರಿ ಸಿಕ್ಕಿದರೆ ಸಾಕಾಗಿತ್ತು ಅವಳಿಗೆ. ಸಮವಸ್ತ್ರದಲ್ಲೇ ಅವಳ ಜೊತೆ ಜಾಲಿ ಗಿಡಗಳ ಮಧ್ಯೆ ಒಂದು ಗಂಟೆ ಹುಡುಕಿದೆ. ಸಿಮೆಂಟು ಇಟ್ಟಿಗೆಯ ರಾಶಿಯ ಸಂದಿಯಲ್ಲಿ ಸಿಕ್ಕಿತು. ಅದನ್ನು ಎದೆಗವಚಿಕೊಂಡು ಅವಳು ಹಿಂದೆ ತಿರುಗಿ ನೋಡದೆ ಹೋದಳು.

ನಾನು ಯಾರ ಮೇಲೂ ಕೇಸು ಮಾಡಲಿಲ್ಲ. ಮಾಡಿದ್ದರೆ ಮೊದಲ ಹೆಸರು ಓಬಮ್ಮನದೇ ಬರುತ್ತಿತ್ತು, ಅವಳೇ ಜುಟ್ಟು ಹಿಡಿದವಳು. ಮಾಡದೇ ಇದ್ದದ್ದು ಕನಿಕರವೋ, ನನ್ನ ಎರಡನೇ ಸಾಲು ಎಲ್ಲಿ ಹೊರಗೆ ಬರುತ್ತದೋ ಎಂಬ ಹೆದರಿಕೆಯೋ ಹೇಳಲಾರೆ. ಎರಡೂ ಇರಬಹುದು. ಒಂದು ಕೆಲಸ ಮಾತ್ರ ಮಾಡಿದೆ. ಆ ಸಂಪಿನ ಮಾಲೀಕನನ್ನು ಕರೆಸಿ, ಎದುರಿಗೇ ನಿಂತು ಚಪ್ಪಡಿ ಮುಚ್ಚಿಸಿದೆ. ನನ್ನ ಸರ್ವಿಸಿನಲ್ಲಿ ಅನುಮಾನವಿಲ್ಲದೆ ಮಾಡಿದ ಅಂಥ ಕೆಲಸಗಳು ಕೆಲವೇ.

ನಿವೃತ್ತಿಗೆ ಮೂರು ತಿಂಗಳಿದ್ದಾಗ ವಿಮಲಾ ಟೀಚರ್ ಮನೆಯ ಕಳ್ಳ ಸಿಕ್ಕಿದ. ಬೇರೆ ಜಿಲ್ಲೆಯವರು ಬೇರೆ ಯಾವುದೋ ಕಳ್ಳತನಕ್ಕೆ ಹಿಡಿದಾಗ ಇದನ್ನೂ ಒಪ್ಪಿಕೊಂಡಿದ್ದ. ಮನೆ ತೋರಿಸಲು ಅವನನ್ನು ಬಡಾವಣೆಗೆ ಕರೆತಂದರು. ನಲವತ್ತರ ಆಸುಪಾಸಿನವನು, ಕನ್ನಡಕ, ಬ್ಯಾಂಕಿನವನ ಹಾಗಿದ್ದ. ಆಗ ಬಂದಿದ್ದ ಬೇರೆ ಇನ್‌ಸ್ಪೆಕ್ಟರ್ ಕೇಳುತ್ತಿದ್ದರು, ನಾನು ಹಿಂದೆ ನಿಂತಿದ್ದೆ.

"ಎಷ್ಟು ಗಂಟೆಗೆ ಬಂದೆ?"

"ಮೂರು ಗಂಟೆ ಸುಮಾರು ಸಾರ್. ಆ ಗೇಟಿನ ನಲ್ಲಿ ಹತ್ರ ಒಬ್ರು ಪೊಲೀಸ್ ಮೇಡಂ ನೀರು ಕುಡೀತಾ ಇದ್ರು. ಅವರು ಹೋಗೋವರ್ಗೂ ಕಾದೆ. ಅವರು ಹೋದ್ಮೇಲೆ ಹಿಂದಿನ ಬಾಗಿಲಿಗೆ ಹೋದೆ."

ನಾನು ಹಿಂದಿನಿಂದ ಮುಂದೆ ಬಂದೆ.

"ಬುಧವಾರಾನೇನಾ?" ಎಂದು ನಾನೇ ಕೇಳಿದೆ. ಎಲ್ಲರೂ ತಿರುಗಿ ನೋಡಿದರು.

"ವಾರ ನೆನಪಿಲ್ಲ ಮೇಡಂ. ಕೆಲಸ ಮಾಡಿದ ದಿನ. ಅದಕ್ಕೆ ಮುಂಚೆ ಎರಡು ಮೂರು ಸಲ ಬಂದು ನೋಡಿಕೊಂಡು ಹೋಗಿದ್ದೆ."

ಹಾಗಾದರೆ ಅವನು ನನ್ನನ್ನು ನೋಡಿದ್ದು ಆ ಬುಧವಾರವೋ, ಅದರ ಮುಂಚಿನ ಯಾವುದೋ ದಿನವೋ? ಅಥವಾ ಹಳೆಯ ಕಡತದಲ್ಲಿ ನನ್ನ ಸಾಲು ಓದಿದವರು ಯಾರಾದರೂ ಅವನ ಬಾಯಿಗೆ ಆ ಮಾತು ಹಾಕಿದರೋ? ಅಥವಾ ನಾನು ನಿಜವಾಗಿಯೂ ಹೋಗಿದ್ದೆನೋ? ಸಹಿ ಆಗಲೇ ಆಗಿದ್ದ ದಿನಗಳಲ್ಲೂ ಕೆಲವೊಮ್ಮೆ ಆ ದಾರಿಯಲ್ಲಿ ಹೋಗಿ ನೀರು ಕುಡಿದು ಬಂದದ್ದುಂಟು. ಮಿಲ್ಲಿನ ಸಮನ್ಸ್ ಕೊಟ್ಟದ್ದು ನೆನಪಿದೆ. ತಲೆನೋವೂ ನೆನಪಿದೆ. ಅವೆರಡರ ನಡುವೆ ಏನಿದೆ ಎಂದು ಎಷ್ಟು ತಡಕಾಡಿದರೂ ಸಿಗುತ್ತಿಲ್ಲ.

ಸರೋಜಮ್ಮನನ್ನು ಕೇಳಿದೆ. "ಅವತ್ತು ನಾನು ಬಂದಿದ್ನಾ, ಬೆಂಚಿನ ಮೇಲಿದ್ರಲ್ಲ ನೀವು?"

"ಬಂದಿದ್ರಿ ಅನ್ಸುತ್ತಪ್ಪ, ದಿನಾ ಬರ್ತಿದ್ರಲ್ಲ," ಎಂದರು. ಆಮೇಲೆ ಯೋಚಿಸಿ, "ಅಥವಾ ನಾವೇ ಸೀರಿಯಲ್ಲು ಮುಗಿಸ್ಕಂಡು ಮೂರೂವರೆಗೆ ಹೊರಗೆ ಬಂದ್ವೋ ಏನೋ" ಎಂದರು.

ಮೂರೂ ಹತ್ತರಿಂದ ಮೂರೂವರೆಗೆ ಇಪ್ಪತ್ತು ನಿಮಿಷ. ನನ್ನ ಸಾಲು ನಿಜವಾಗಿದ್ದರೂ ಕಳ್ಳನಿಗೆ ಅಷ್ಟು ಸಾಕಾಗಿತ್ತು. ಸರಿಯಾಗಿ ಕೇಳಿದ್ದರೆ ಓಬಮ್ಮನನ್ನು ಕೂರಿಸಬೇಕಾಗಿಯೇ ಇರಲಿಲ್ಲ. ಅವಳನ್ನು ಬಿಡಿಸಿದ ನನ್ನ ಹೇಳಿಕೆ ಸುಳ್ಳೂ ಇರಬಹುದು.

ಕಳ್ಳ ಸಿಕ್ಕಿದ ವಿಷಯ ಓಬಮ್ಮನಿಗೆ ನಾನೇ ಹೇಳಬೇಕು ಎನಿಸಿತು. ಕುರಿಯ ಹೆಂಗಸಿನ ಗಲಾಟೆ ಆದಂದಿನಿಂದ ನಮ್ಮಿಬ್ಬರ ಮಾತು ನಿಂತಿತ್ತು. ಅವಳ ಮನೆಗೆ ಹೋದೆ. ಹೊರಗೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಕಳ್ಳ ಯಾರು, ಹೇಗೆ ಬಂದ ಎಂದು ಹೇಳಿದೆ. ನಲ್ಲಿಯ ಹತ್ತಿರ ಪೊಲೀಸಮ್ಮನನ್ನು ನೋಡಿದೆ ಎಂದದ್ದನ್ನೂ ಮುಚ್ಚಿಡದೆ ಹೇಳಿದೆ.

ಅವಳು ಒಗೆಯುವುದನ್ನು ನಿಲ್ಲಿಸಿದಳು. "ಹಂಗಾದ್ರೆ ನೀನು ಅವತ್ತು ಬಂದಿದ್ಯಾ?"

"ಗೊತ್ತಿಲ್ಲ ಓಬಮ್ಮ. ದೇವರಾಣೆ ನೆನಪಾಗ್ತಿಲ್ಲ."

"ಬಂದಿಲ್ಲ ಅಂತ ಬರ್ಕೊಟ್ಟು ನನ್ನ ಬಿಡಿಸ್ದೆ."

"ಹೂಂ. ಆವಾಗ ಬಂದಿಲ್ಲ ಅಂತಾನೇ ಅನ್ಕಂಡಿದ್ದೆ."

ಅವಳು ಕೈಯಲ್ಲಿದ್ದ ಒದ್ದೆ ಸೀರೆ ಕಲ್ಲಿನ ಮೇಲಿಟ್ಟು ನೆಟ್ಟಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಸಿಟ್ಟಿರಲಿಲ್ಲ. ಬರೀ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ.

"ಒಂದು ಮಾತು ಹೇಳು ಜಯಕ್ಕ. ನೀನು ಬಂದಿದ್ದು ನಿಂಗೆ ಚೆನ್ನಾಗಿ ನೆನಪಿದ್ದು, ಬಾಗ್ಲು ಸರಿ ಇದ್ದದ್ದು ನೀನೇ ಕಣ್ಣಾರೆ ನೋಡಿದ್ರೆ, ಆವಾಗ ನಾನೇ ಕದ್ದೋಳು ಅಂತ ನೀನೂ ನಂಬ್ತಿದ್ಯಾ?"

ಬಿಸಿಲು ಏರುತ್ತಿತ್ತು. ಅವಳು ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದೆ ಇಟ್ಟು, ಮತ್ತೆ ಬಟ್ಟೆ ಒಗೆಯತೊಡಗಿದಳು.